ಕಟ್ಟುವ ವಿದ್ಯೆ ಮತ್ತು ನಮ್ಮ ಹೆಣ್ಣುಮಕ್ಕಳು

(ಶಾಲಾ ಶತಮಾನೋತ್ಸವದ ಅಂಗವಾಗಿ ಜರುಗಿದ ರಕ್ಷಕರ ಹಾಗೂ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಹಳೆ ವಿದ್ಯಾರ್ಥಿ ಸಂಘದ ಪರವಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ನೆನಪಿಗೆ ಶಾಲೆಗೊಂದು ಹೊಸ ಕಟ್ಟಡ ಎದ್ದುನಿಲ್ಲಬೇಕೆಂದು ನಾವೆಲ್ಲ ಸೇರಿ ಸಂಕಲ್ಪಿಸಿದ್ದೇವೆ. ಹಣ ಎಷ್ಟು ಬೇಕು, ಎಲ್ಲಿಂದ ಬರಬೇಕು, ಯಾರಿಗೆ ಗುತ್ತಿಗೆ ಕೊಡಬೇಕು ಎಂಬ ಮಾತುಗಳು ಈಗಾಗಲೇ ಹಲವು ಸಭೆಗಳಲ್ಲಿ ನಡೆದಿವೆ. ಆ ಮಾತುಗಳ ನಡುವೆ ಇನ್ನೂ ಯಾರೂ ಎತ್ತದ ಒಂದು ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ. ಆ ಕಟ್ಟಡವನ್ನು ಕಟ್ಟುವವರ ಪೈಕಿ ನಮ್ಮ ಹೆಣ್ಣುಮಕ್ಕಳು ಎಲ್ಲಿರುತ್ತಾರೆ? ಇಂದು ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಮುಂದೆ ಇಂಥ ಕಟ್ಟಡವನ್ನು ಕಟ್ಟಿಸುವ ಇಂಜಿನಿಯರ್ ಆಗಿ, ಮೇಸ್ತ್ರಿಯಾಗಿ, ನಕ್ಷೆಗಾರ್ತಿಯಾಗಿ, ಸರ್ವೇಯರ್ ಆಗಿ ನಿಲ್ಲುವುದನ್ನು ನಮ್ಮಲ್ಲಿ ಎಷ್ಟು ಮಂದಿ ಕಲ್ಪಿಸಿಕೊಂಡಿದ್ದೇವೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಎರಡು ದೊಡ್ಡ ಹೊಣೆಗಳನ್ನು ಒಂದೇ ಗಾದೆಯಲ್ಲಿ ಕಟ್ಟಿಟ್ಟರು. ಎರಡನೆಯ ಹೊಣೆಯ ಮಾತು ಬಂದರೆ ಹೆಣ್ಣುಮಗಳೇ ನಮ್ಮ ಚಿಂತೆಯ ನಡುಮಧ್ಯದಲ್ಲಿರುತ್ತಾಳೆ. ಮೊದಲನೆಯದರ ಮಾತು ಬಂದರೆ ಆಕೆ ಅಂಗಳದ ಅಂಚಿಗೆ ಸರಿಯುತ್ತಾಳೆ. ಕೆಲಸದವರಿಗೆ ಚಹಾ ಕೊಡುತ್ತಾಳೆ. ಸಂಜೆ ಗೋಡೆಗೆ ನೀರು ಹೊಡೆಯುತ್ತಾಳೆ. ಬಡವರ ಮನೆಯವಳಾದರೆ ತಲೆಯ ಮೇಲೆ ಹೊಯ್ಗೆ ಹೊರುತ್ತಾಳೆ. ಗೋಡೆ ಎಲ್ಲಿ ಬರಬೇಕು, ಕಿಟಕಿ ಎಷ್ಟು ಅಗಲವಿರಬೇಕು, ಅಡಿಪಾಯ ಎಷ್ಟು ಆಳ ಇಳಿಯಬೇಕು ಎಂದು ನಿರ್ಣಯಿಸುವ ಜಾಗದಲ್ಲಿ ಆಕೆ ಕಾಣಸಿಗುವುದು ಅಪರೂಪ.

ಇದು ಇಂದು ನಿನ್ನೆಯ ಸಂಗತಿಯಲ್ಲ. ನಮ್ಮ ನಾಡಿನ ಕಟ್ಟಡಗಳ ಚರಿತ್ರೆಯನ್ನೇ ನೋಡೋಣ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಚಾಲುಕ್ಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಅದರ ಪಕ್ಕದ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದವಳು ತ್ರೈಲೋಕ್ಯಮಹಾದೇವಿ. ಲಕ್ಕುಂಡಿಯ ಬ್ರಹ್ಮಜಿನಾಲಯ ದಾನಚಿಂತಾಮಣಿ ಅತ್ತಿಮಬ್ಬೆಯ ಕೊಡುಗೆ. ಬೇಲೂರಿನ ಚೆನ್ನಕೇಶವನ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ನಿರ್ಮಿಸಿದವಳು ಶಾಂತಲೆ. ಶಾಸನಗಳು ಇವರ ಹೆಸರನ್ನು ಗೌರವದಿಂದ ಉಳಿಸಿಕೊಂಡಿವೆ. ವಿರೂಪಾಕ್ಷ ದೇವಾಲಯದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಉಳಿದಿದೆ. ಕಲ್ಲು ಹೊತ್ತ, ಗಾರೆ ಕಲಸಿದ, ನೀರು ಸೇದಿದ ಹೆಂಗಸರ ಹೆಸರು ಎಲ್ಲಿಯೂ ಇಲ್ಲ. ಎಂದರೆ ಕಟ್ಟಡದ ಚರಿತ್ರೆಯಲ್ಲಿ ಹೆಣ್ಣು ಎರಡು ಕಡೆ ಕಾಣಿಸುತ್ತಾಳೆ: ಮೇಲೆ ಕಟ್ಟಿಸುವ ದಾನಿಯಾಗಿ, ಕೆಳಗೆ ಹೊರುವ ಕೂಲಿಯಾಗಿ. ನಡುವಿನ ಮೆಟ್ಟಿಲುಗಳಲ್ಲಿ, ಅಂದರೆ ಅಳೆಯುವ, ಲೆಕ್ಕ ಹಾಕುವ, ಕರಣೆ ಹಿಡಿಯುವ, ಸರಿ-ತಪ್ಪು ಹೇಳುವ ಸ್ಥಾನಗಳಲ್ಲಿ ಆಕೆ ಇಲ್ಲ.

'ಕೆರೆಗೆ ಹಾರ' ಕಥನಗೀತವನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಊರ ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಡಬೇಕೆಂದು ನಿಶ್ಚಯವಾಯಿತು. ಆ ಹಾಡನ್ನು ಕೇಳಿ ಕಣ್ಣೀರು ಹಾಕದವರು ಕಡಿಮೆ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ಕೆರೆಗೆ ಜಾಗ ಆರಿಸುವಾಗ ಆ ಮನೆಯ ಯಾವ ಹೆಣ್ಣನ್ನಾದರೂ ಕೇಳಿದ್ದರೇ? ದಿನವೂ ನೀರಿಗಾಗಿ ನಡೆಯುವವಳಿಗೆ ಊರಿನ ಒಸರು ಎಲ್ಲಿದೆ, ಇಳಿಜಾರು ಯಾವ ಕಡೆಗಿದೆ ಎಂಬುದು ತಿಳಿಯದೆ ಇರುವುದಿಲ್ಲ. ಬಲಿ ಕೊಡಲು ಸೊಸೆ ಬೇಕಾದಳು. ಸಲಹೆ ಕೊಡಲು ಬೇಕಾಗಲಿಲ್ಲ.

ಈಗ ನಮ್ಮ ಊರಿನ ಮಣ್ಣಿಗೆ ಬರೋಣ. ನಮ್ಮ ಕಾಸರಗೋಡಿನ ನೆಲದ ತುಂಬ ಇರುವುದು ಮುರಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬವನು ಮಲಬಾರಿನ ಅಂಗಾಡಿಪುರದ ಬಳಿ ಕಂಡ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕತ್ತಿಯಿಂದ ಕೊರೆಯುವಷ್ಟು ಮೆದುವಾಗಿದ್ದು, ಹೊರತೆಗೆದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವುದು ಇದರ ಗುಣ. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆ ನಿಂತಿರುವುದು ಈ ಕಲ್ಲಿನ ಮೇಲೆ. ನಮ್ಮ ಶಾಲೆಯ ಹಳೆಯ ಗೋಡೆಗಳೂ ಇದೇ ಕಲ್ಲಿನವು. ನಮ್ಮ ಹೆಣ್ಣುಮಕ್ಕಳ ಸಾಮರ್ಥ್ಯವೂ ಹಾಗೆಯೇ ನೆಲದೊಳಗಿರುವಂಥದು; ಹೊರತೆಗೆದು ಗಾಳಿಗೆ ಒಡ್ಡದೆ ಅದು ಗಟ್ಟಿಯಾಗದು.

ನಮ್ಮ ಶಾಲೆ ನೂರು ತುಂಬಿಸುತ್ತಿರುವ ಹೊತ್ತಿನಲ್ಲೇ ನೂರು ತುಂಬಿಸಿದ ಇನ್ನೊಂದು ಸಂಸ್ಥೆಯನ್ನು ಇಲ್ಲಿ ನೆನೆಯಬೇಕು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಉದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ಷಟ್ಪಥವಾಗಿ ನಿರ್ಮಿಸುವ ಕೆಲಸವನ್ನು ವಹಿಸಿಕೊಂಡ ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಕೋ-ಆಪರೇಟಿವ್ ಸೊಸೈಟಿಯ ಫಲಕಗಳನ್ನು ನಾವೆಲ್ಲ ಕಂಡಿದ್ದೇವೆ. ವಡಗರೆಯ ಸಮೀಪ ಸಮಾಜ ಸುಧಾರಕ ವಾಗ್ಭಟಾನಂದರ ಅನುಯಾಯಿಗಳಿಗೆ ಊರಿನ ಜಮೀನುದಾರರು ಕೆಲಸ ಕೊಡದೆ ಹೋದಾಗ, 1925ರಲ್ಲಿ 14 ಮಂದಿ ಕೂಲಿಕಾರರು ಸೇರಿ ಕಟ್ಟಿದ ಸಹಕಾರ ಸಂಘ ಅದು. ಕೆಲಸ ಸಿಗದವರು ಕಟ್ಟಿದ ಸಂಘ ಇಂದು ಹೆದ್ದಾರಿಗಳನ್ನು ಕಟ್ಟುತ್ತಿದೆ. ಇಂಜಿನಿಯರುಗಳಿಗೆ ಸಂಬಳ ಕೊಡುತ್ತಿದೆ. ಕೂಲಿ ಮಾಡುವವರು ಕೂಲಿಯಲ್ಲಿಯೇ ಉಳಿಯಬೇಕೆಂಬ ನಿಯಮ ಯಾವ ಕಲ್ಲಿನ ಮೇಲೂ ಬರೆದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹೆಣ್ಣುಮಕ್ಕಳು ಈ ವಿದ್ಯೆಗೆ ಕಾಲಿಟ್ಟ ಕಥೆಯೂ ನಮಗೆ ದೂರದ್ದಲ್ಲ. ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ 1940ರ ದಶಕದ ಆರಂಭದಲ್ಲಿ ಮೂವರು ತರುಣಿಯರು ಓದಿದರು. ಮೊದಲನೆಯವರು ಎ. ಲಲಿತಾ. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವೈಧವ್ಯ, ಮಡಿಲಲ್ಲಿ ಕೆಲವು ತಿಂಗಳ ಹೆಣ್ಣುಕೂಸು. ಅಂದಿನ ಸಮಾಜದಲ್ಲಿ ಆ ಸ್ಥಿತಿಗೆ ಬಂದ ಹುಡುಗಿಗೆ ಮನೆಯ ಮೂಲೆಯೇ ಗತಿಯಾಗಿತ್ತು. ಅವರು ವಿದ್ಯುತ್ ಇಂಜಿನಿಯರ್ ಆಗಿ ಹೊರಬಂದರು. ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕಾಮಗಾರಿಯಲ್ಲಿ ದುಡಿದರು. ಉಳಿದಿಬ್ಬರು ಸಿವಿಲ್ ವಿಭಾಗದವರು: ತಿರುವಾಂಕೂರಿನ ಲೀಲಮ್ಮ ಜಾರ್ಜ್ ಮತ್ತು ತೃಶೂರು ಕಡೆಯ ಪಿ.ಕೆ. ತ್ರೇಸ್ಯಾ. ಈ ತ್ರೇಸ್ಯಾ ಅವರೇ 1971ರಲ್ಲಿ ನಮ್ಮ ಕೇರಳ ರಾಜ್ಯದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು. ಅಂದರೆ, ನಮ್ಮಲ್ಲಿ ಹಲವರು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಓದುತ್ತಿದ್ದ ಕಾಲದಲ್ಲಿ ಈ ರಾಜ್ಯದ ರಸ್ತೆ, ಸೇತುವೆಗಳ ಹೊಣೆ ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ಅದು ನಮಗೆ ಗೊತ್ತಿರಲಿಲ್ಲ. ಯಾವ ಪಾಠದಲ್ಲೂ ಆ ಹೆಸರಿರಲಿಲ್ಲ.

ಮುಂಬಯಿಯಲ್ಲಿ 1953ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದ ಶಕುಂತಲಾ ಭಗತ್, ಪತಿಯೊಡಗೂಡಿ, ಉಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಸೇತುವೆ ನಿಲ್ಲಿಸುವ ಕ್ರಮವೊಂದನ್ನು ರೂಪಿಸಿದರು. ದೊಡ್ಡ ಯಂತ್ರಗಳು ಹೋಗಲಾಗದ ಹಿಮಾಲಯದ ಕಣಿವೆಗಳಲ್ಲಿ ಅದು ಉಪಯೋಗಕ್ಕೆ ಬಂತು. ಇತ್ತೀಚಿನ ಉದಾಹರಣೆ ಎಲ್ಲರೂ ಪತ್ರಿಕೆಯಲ್ಲಿ ಓದಿದ್ದೇ. 2025ರ ಜೂನ್ 6ರಂದು ಉದ್ಘಾಟನೆಗೊಂಡ ಜಮ್ಮು-ಕಾಶ್ಮೀರದ ಚಿನಾಬ್ ರೈಲ್ವೆ ಸೇತುವೆ ನದಿಯ ಮಟ್ಟದಿಂದ 359 ಮೀಟರ್ ಎತ್ತರದಲ್ಲಿದೆ. ಅದರ ಭಾರ ಹೊರುವ ಬಂಡೆಗಳ ಇಳಿಜಾರು ಜಾರದಂತೆ ಹೇಗೆ ಭದ್ರಪಡಿಸಬೇಕು ಎಂಬ ವಿಷಯದಲ್ಲಿ ಸುಮಾರು 17 ವರ್ಷ ಸಲಹೆಗಾರರಾಗಿ ದುಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ. ಆಂಧ್ರದ ಹಳ್ಳಿಯೊಂದರಲ್ಲಿ ಬೆಳೆದವರು ಅವರು. ನಮ್ಮ ಶಾಲೆಯಂಥದೇ ಒಂದು ಶಾಲೆಯಿಂದ ಹೊರಟ ಹೆಜ್ಜೆ ಚಿನಾಬ್ ಕಣಿವೆಯವರೆಗೆ ಹೋಗಬಲ್ಲುದು.

'ಇವರೆಲ್ಲ ಅಸಾಮಾನ್ಯರು, ನಮ್ಮ ಮಕ್ಕಳಿಗೆ ಇದೆಲ್ಲಿ ಆಗುತ್ತದೆ?' ಎಂದು ತಾವು ಕೇಳಬಹುದು. ಹಾಗಾದರೆ ಸಾಮಾನ್ಯರ ಕಡೆಗೇ ನೋಡೋಣ. ಝಾರ್ಖಂಡದಲ್ಲಿ ಶೌಚಾಲಯಗಳನ್ನು ಕಟ್ಟುವ ಅಭಿಯಾನ ನಡೆದಾಗ ಗಾರೆ ಕೆಲಸದ ಗಂಡಸರು ಸಾಲದೆ ಹೋದರು. ಹಳ್ಳಿಯ ಹೆಂಗಸರು ತರಬೇತಿ ಪಡೆದು ಕರಣೆ ಹಿಡಿದರು. ಅಲ್ಲಿಯ ಜನ ಅವರನ್ನು 'ರಾಣಿ ಮಿಸ್ತ್ರಿ' ಎಂದು ಕರೆಯುತ್ತಾರೆ. ಅಹಮದಾಬಾದಿನಲ್ಲಿ ಸೇವಾ ಸಂಘಟನೆಯವರು ಕಟ್ಟಡ ಕಾರ್ಮಿಕ ಮಹಿಳೆಯರಿಗಾಗಿಯೇ 'ಕರ್ಮಿಕಾ' ಎಂಬ ಶಾಲೆಯನ್ನು ನಡೆಸಿದರು. ನಮ್ಮ ಕೇರಳದಲ್ಲಿ ಕುಟುಂಬಶ್ರೀಯ ಮಹಿಳೆಯರೂ ಗಾರೆ ಕೆಲಸ ಕಲಿತು ಮನೆಗಳನ್ನು ಕಟ್ಟಿದ್ದಾರೆ. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ನಮ್ಮ ಪಂಚಾಯತುಗಳಲ್ಲಿ ಇಂಗುಗುಂಡಿ, ತೋಡು, ಕಟ್ಟಗಳನ್ನು ಮಾಡುತ್ತ ಬಂದವರು ಬಹುಪಾಲು ಹೆಂಗಸರೇ. ಮಣ್ಣಿನ ಕೆಲಸ ಹೆಣ್ಣಿಗೆ ಹೊಸತಲ್ಲ. ಹೊಸತಾಗಬೇಕಾದದ್ದು ಆ ಕೆಲಸದ ಜೊತೆಗಿನ ವಿದ್ಯೆ, ಆ ವಿದ್ಯೆಗೆ ತಕ್ಕ ಸಂಬಳ ಮತ್ತು ಗೌರವ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೆಣ್ಣುಮಕ್ಕಳನ್ನು ಕೈಯಾಳುಗಳನ್ನಾಗಿ ಕಳುಹಿಸಿರೆಂದು ನಾವು ಹೇಳುತ್ತಿಲ್ಲ. ಕೈಯಾಳಾಗಿ ಸೇರಿದ ಹುಡುಗ ಒಂದೆರಡು ವರ್ಷಗಳಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಕಲ್ಲು ಇಡುವುದನ್ನು ಕಲಿಯುತ್ತಾನೆ. ನಾಲ್ಕಾರು ವರ್ಷಗಳಲ್ಲಿ ತಾನೇ ಮೇಸ್ತ್ರಿಯಾಗುತ್ತಾನೆ. ಕೈಯಾಳಾಗಿ ಸೇರಿದ ಹೆಂಗಸು ಇಪ್ಪತ್ತು ವರ್ಷ ದುಡಿದರೂ ಕೈಯಾಳಾಗಿಯೇ ಉಳಿಯುತ್ತಾಳೆ. ಯಾರೂ ಆಕೆಯ ಕೈಗೆ ರಸಮಟ್ಟವನ್ನು ಕೊಡುವುದಿಲ್ಲ. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯ್ದೆ 1976ರಲ್ಲೇ ಬಂತು. ಆದರೆ ಹೆಣ್ಣಿಗೆ ಸಮಾನ ಕೆಲಸವನ್ನೇ ಕೊಡದಿದ್ದರೆ ಸಮಾನ ವೇತನದ ಪ್ರಶ್ನೆ ಏಳುವುದೇ ಇಲ್ಲ. ಆದ್ದರಿಂದ ವಿದ್ಯೆಯ ಬಾಗಿಲಿನಿಂದಲೇ ನಮ್ಮ ಮಕ್ಕಳು ಈ ಕ್ಷೇತ್ರವನ್ನು ಪ್ರವೇಶಿಸಬೇಕು ಎಂಬುದು ನಮ್ಮ ಆಗ್ರಹ.

ಆ ವಿದ್ಯೆಯ ಬುಡ ಈ ಶಾಲೆಯ ತರಗತಿಯಲ್ಲಿಯೇ ಇದೆ. ಮೇಸ್ತ್ರಿ ಗೋಡೆಯ ಮೂಲೆಯನ್ನು ಹೇಗೆ ಪರೀಕ್ಷಿಸುತ್ತಾನೆಂದು ನೋಡಿರಿ. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ದಾರ ಹಿಡಿದು ಅಳೆಯುತ್ತಾನೆ. 5 ಅಡಿ ಬಂದರೆ ಮೂಲೆ ನೇರ. ಹೆಚ್ಚು ಕಡಿಮೆಯಾದರೆ ಸೊಟ್ಟ. ಯಜ್ಞವೇದಿಗೆ ಇಟ್ಟಿಗೆ ಜೋಡಿಸುವ ವಿಧಾನವನ್ನು ಹೇಳುವ ಬೌಧಾಯನನ ಶುಲ್ಬಸೂತ್ರದಲ್ಲಿರುವುದೂ, ಗಣಿತದ ಪುಸ್ತಕದಲ್ಲಿ ಪೈಥಾಗೊರಸನ ಪ್ರಮೇಯವೆಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವುದೂ ಇದನ್ನೇ.

ಇನ್ನೊಂದು ಲೆಕ್ಕ. 5 ಮೀಟರ್ ಉದ್ದ, 4 ಮೀಟರ್ ಅಗಲದ ಕೋಣೆಗೆ 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ತಾರಸಿ ಹಾಕಬೇಕು. ಕಾಂಕ್ರೀಟಿನ ಗಾತ್ರ 2.4 ಘನ ಮೀಟರ್. ನೀರು ಬೆರೆಸಿ ಹಾಕಿದಾಗ ಗಾತ್ರ ಇಳಿಯುವುದರಿಂದ ಒಣ ಸಾಮಗ್ರಿ ಸುಮಾರು ಒಂದೂವರೆ ಪಾಲು, ಅಂದರೆ 3.7 ಘನ ಮೀಟರಿನಷ್ಟು ಬೇಕು. ಸಿಮೆಂಟು ಒಂದು ಪಾಲು, ಹೊಯ್ಗೆ ಒಂದೂವರೆ ಪಾಲು, ಜಲ್ಲಿ ಮೂರು ಪಾಲು ಎಂಬ ಮಿಶ್ರಣದಲ್ಲಿ ಒಟ್ಟು ಐದೂವರೆ ಪಾಲು. ಭಾಗಿಸಿದರೆ ಸಿಮೆಂಟಿನ ಪಾಲು 0.67 ಘನ ಮೀಟರ್. 50 ಕಿಲೋ ಚೀಲವೊಂದರ ಗಾತ್ರ ಸುಮಾರು 0.035 ಘನ ಮೀಟರ್. ಹೀಗೆ 19ರಿಂದ 20 ಚೀಲ ಸಿಮೆಂಟು ಸಾಕು. ಇದರಲ್ಲಿ ಎಂಟನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇಲ್ಲ. ಈ ಲೆಕ್ಕ ಬಲ್ಲ ಹುಡುಗಿ ತನ್ನ ಮನೆ ಕಟ್ಟುವಾಗಲೂ 'ಮೂವತ್ತು ಚೀಲ ಏಕೆ ಬಂತು?' ಎಂದು ಕೇಳಬಲ್ಲಳು. ಅಳಿಯಲಾಗದ ಕಡೆ ನಂಬಿಕೆ ಬೇಕು. ಅಳೆಯಬಹುದಾದ ಕಡೆ ಲೆಕ್ಕ ಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ತಾಂತ್ರಿಕ ಶಿಕ್ಷಣ ಕಷ್ಟವೆಂಬ ಭಯ ನಮ್ಮ ರಕ್ಷಕರಲ್ಲಿ ಆಳವಾಗಿದೆ. ಇದು ಕೇವಲ ಒಂದು ವೃತ್ತಿಯ ಪ್ರಶ್ನೆಯಲ್ಲ. ನಮ್ಮ ಶಾಲೆಯ ಉಳಿವಿನ ಪ್ರಶ್ನೆಯೂ ಹೌದು. 1956ರ ನವೆಂಬರ್ 1ರಂದು ಭಾಷಾವಾರು ಗಡಿಗಳು ಮೂಡಿದಾಗ ನಾವು ಈ ಕಡೆ ಉಳಿದೆವು. ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ತಲೆಮಾರಿನ ತಂದೆತಾಯಿಯರು 'ಕನ್ನಡದಲ್ಲಿ ಓದಿದ ಮಗುವಿಗೆ ಮುಂದೇನು?' ಎಂದು ಕೇಳುತ್ತಲೇ ಬಂದಿದ್ದಾರೆ. ಗಂಡುಮಕ್ಕಳಿಗೆ ಗಲ್ಫ್, ಮಂಗಳೂರು, ಬೆಂಗಳೂರು ಎಂಬ ಉತ್ತರಗಳು ಸಿಕ್ಕವು. ಹೆಣ್ಣುಮಕ್ಕಳಿಗೆ ಅಧ್ಯಾಪನ, ದಾದಿಯ ವೃತ್ತಿ ಎಂಬ ಎರಡು ಉತ್ತರಗಳು. ಅವೆರಡೂ ಆಗದಿದ್ದರೆ ಅಂಗಡಿಯ ಕೆಲಸ ಅಥವಾ ಬೀಡಿಯ ಸೂಪು. ಅಧ್ಯಾಪನವೂ ಶುಶ್ರೂಷೆಯೂ ಪವಿತ್ರ ವೃತ್ತಿಗಳೇ. ಈ ಶಾಲೆಯನ್ನು ನೂರು ವರ್ಷ ನಡೆಸಿದ್ದು ಅಧ್ಯಾಪನವೇ. ಆದರೆ ಎಲ್ಲ ಹುಡುಗಿಯರ ಒಲವೂ ಎರಡೇ ದಾರಿಗಳಲ್ಲಿ ಹರಿಯಬೇಕೆಂದು ಹೇಳುವುದು ನ್ಯಾಯವಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳು ಬಡವರಲ್ಲ, ಶ್ರೀಮಂತರು. ನಮ್ಮ ಊರಿನ ಯಾವುದೇ ಕಟ್ಟಡದ ಕೆಲಸದ ಜಾಗಕ್ಕೆ ಹೋಗಿ ನಿಲ್ಲಿರಿ. ಇಂಜಿನಿಯರ್ ಮಲಯಾಳದಲ್ಲಿ ಮಾತಾಡುತ್ತಾರೆ. ಸೆಂಟ್ರಿಂಗಿನವರು ತಮಿಳರು. ಕಾಂಕ್ರೀಟು ಹಾಕುವವರು ಬಂಗಾಳ, ಒಡಿಶಾ, ಝಾರ್ಖಂಡಗಳಿಂದ ಬಂದವರು, ಅವರದು ಹಿಂದಿ. ಮನೆಯ ಯಜಮಾನರು ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕೇಳುತ್ತಾರೆ. ನಕ್ಷೆ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ದೂರದರ್ಶನದಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಐದು ಭಾಷೆಗಳ ನಡುವೆ ಬೆಳೆದ ನಮ್ಮ ಹುಡುಗಿಯಷ್ಟು ಚೆನ್ನಾಗಿ ಇವರೆಲ್ಲರ ನಡುವೆ ನಿಂತು ಕೆಲಸ ನಡೆಸಬಲ್ಲವರು ಬೇರೆ ಯಾರಿದ್ದಾರೆ? ಉಳಿದದ್ದು ತಾಂತ್ರಿಕ ಪದಗಳ ತೊಡಕು. ಪಂಚಾಂಗ, ಸಾರಣೆ, ತೂಗುಗುಂಡು ಎಂಬ ನಮ್ಮ ಪದಗಳನ್ನು ಅವಕ್ಕೆ ಸಮನಾದ ಇಂಗ್ಲಿಷ್ ಮತ್ತು ಮಲಯಾಳ ಪದಗಳ ಜೊತೆಗಿಟ್ಟು ಕಲಿಸಿದರೆ, ಆ ತೊಡಕು ಒಂದು ವರ್ಷದಲ್ಲಿ ನೀಗುವಂಥದು.

ದೇಹಬಲದ ಮಾತನ್ನೂ ಹಲವರು ಎತ್ತುತ್ತಾರೆ. ಅಡಿಕೆಯ ಹೊರೆ, ಸೊಪ್ಪಿನ ಹೊರೆ, ನೀರಿನ ಕೊಡ ಇವುಗಳನ್ನು ಗುಡ್ಡ ಹತ್ತಿಸಿದವರು ನಮ್ಮ ಅಮ್ಮಂದಿರು, ಅಜ್ಜಿಯಂದಿರು. ಆಗ ಯಾರೂ ದೇಹಬಲದ ಪ್ರಶ್ನೆ ಎತ್ತಲಿಲ್ಲ. ಇಂದು ಅಗೆಯುವುದಕ್ಕೆ ಯಂತ್ರವಿದೆ, ಮೇಲೆತ್ತುವುದಕ್ಕೆ ಲಿಫ್ಟಿದೆ, ಕಾಂಕ್ರೀಟು ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ. ಅಳತೆ, ನಕ್ಷೆ, ಅಂದಾಜುಪಟ್ಟಿ, ಸಾಮಗ್ರಿಗಳ ಪರೀಕ್ಷೆ, ವಯರಿಂಗ್, ನಲ್ಲಿ ಜೋಡಣೆ, ಟೈಲ್ಸ್ ಹಾಸುವುದು, ಸುರಕ್ಷತೆಯ ಮೇಲ್ವಿಚಾರಣೆ ಇವುಗಳಿಗೆ ಬೇಕಾದದ್ದು ತಾಳ್ಮೆ, ಕಣ್ಣಳತೆ, ಪ್ರಾಮಾಣಿಕತೆ.

ಆದರೆ ಕೆಲವು ಭಯಗಳು ನಿಜವಾದವು. ಅವನ್ನು ಮುಚ್ಚಿಟ್ಟು ಮಕ್ಕಳನ್ನು ಕಳುಹಿಸುವುದು ತರವಲ್ಲ. ಕಟ್ಟಡದ ಕೆಲಸ ಅಪಾಯದ ಕೆಲಸ; ಎತ್ತರದಿಂದ ಬೀಳುವ ಭಯ, ಕಲ್ಲು ಕತ್ತರಿಸುವಾಗಿನ ಧೂಳು, ಬಿಸಿಲು ಎಲ್ಲವೂ ಇವೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಹೊರಗಿನ ಕೆಲಸ ನಿಲ್ಲುತ್ತದೆ. ದಿನಗೂಲಿಯ ಆದಾಯವೂ ನಿಲ್ಲುತ್ತದೆ. ಅನೇಕ ಕೆಲಸದ ಜಾಗಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ದಿನವಿಡೀ ನೀರು ಕುಡಿಯದೆ ಕಳೆದು ಕಾಯಿಲೆ ತಂದುಕೊಂಡವರಿದ್ದಾರೆ. ಮಾತಿನ ಕಿರುಕುಳವೂ ಇದೆ. ನಿಯಮಗಳೇನೋ ಬಂದಿವೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ರಚಿತವಾದ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ವಿಧಿಸಿತು. 2013ರ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯನ್ನೂ, ಚಿಕ್ಕ ಸ್ಥಳಗಳಿಗಾಗಿ ಜಿಲ್ಲಾ ಮಟ್ಟದ ಸಮಿತಿಯನ್ನೂ ಕಡ್ಡಾಯ ಮಾಡಿತು. ಆದರೆ ಕಾಯ್ದೆ ಪುಸ್ತಕದಲ್ಲಿರುವುದಕ್ಕೂ ಕೆಲಸದ ಜಾಗಕ್ಕೆ ಇಳಿಯುವುದಕ್ಕೂ ಅಂತರವಿದೆ. ಆ ಅಂತರ ಕಡಿಮೆಯಾಗುವುದು ಮೇಲ್ವಿಚಾರಣೆಯ ಸ್ಥಾನದಲ್ಲಿ ಹೆಣ್ಣುಮಕ್ಕಳಿದ್ದಾಗ. ಶೌಚಾಲಯವಿಲ್ಲದ ಕಷ್ಟವನ್ನು ಸ್ವತಃ ಬಲ್ಲ ಇಂಜಿನಿಯರ್ ಮೊದಲ ದಿನವೇ ಅದನ್ನು ಕಟ್ಟಿಸುತ್ತಾಳೆ.

'ಬಿಸಿಲಲ್ಲಿ ನಿಂತ ಹುಡುಗಿಗೆ ಗಂಡು ಸಿಗುವುದಿಲ್ಲ' ಎಂಬ ಮಾತನ್ನೂ ನಾವು ಕೇಳಿದ್ದೇವೆ. ಅದಕ್ಕೆ ನಮ್ಮಲ್ಲಿ ಒಂದೇ ಉತ್ತರವಿದೆ. ಕೈಯಲ್ಲಿ ವಿದ್ಯೆ, ಬ್ಯಾಂಕಿನಲ್ಲಿ ತನ್ನದೇ ದುಡಿಮೆಯ ಹಣ ಇರುವ ಮಗಳನ್ನು ಮೈಬಣ್ಣದ ಕಾರಣದಿಂದ ಬೇಡವೆನ್ನುವ ಮನೆಗೆ ಆಕೆ ಹೋಗದಿರುವುದೇ ಲೇಸು.

ಮಕ್ಕಳೇ, ದಾರಿಗಳು ಯಾವುವು ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಎಸ್.ಎಸ್.ಎಲ್.ಸಿ. ಮುಗಿಸಿದವರು ಐ.ಟಿ.ಐ.ಯಲ್ಲಿ ಸಿವಿಲ್ ಡ್ರಾಫ್ಟ್ಸ್‌ಮನ್, ಎಲೆಕ್ಟ್ರಿಶಿಯನ್ ತರಬೇತಿಗಳನ್ನು ಎರಡು ವರ್ಷಗಳಲ್ಲಿ, ಪ್ಲಂಬರ್ ತರಬೇತಿಯನ್ನು ಒಂದು ವರ್ಷದಲ್ಲಿ ಮುಗಿಸಬಹುದು. ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷಗಳ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ನೇರವಾಗಿ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. ನಮ್ಮ ಜಿಲ್ಲೆಯ ಪೆರಿಯ, ತೃಕ್ಕರಿಪುರಗಳಲ್ಲಿ ಸರಕಾರಿ ಪಾಲಿಟೆಕ್ನಿಕ್‌ಗಳಿವೆ. ಪೊವ್ವಲಿನಲ್ಲಿ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜಿದೆ. ಯಾವ ವರ್ಷ ಎಲ್ಲಿ ಯಾವ ವಿಭಾಗವಿದೆ ಎಂಬುದನ್ನು ಪ್ರವೇಶ ಪ್ರಕಟಣೆ ನೋಡಿ ತಿಳಿದುಕೊಳ್ಳಿರಿ. ಕೊಲ್ಲಂ ಜಿಲ್ಲೆಯ ಚವರದಲ್ಲಿ ನಿರ್ಮಾಣ ಕೆಲಸದ ತರಬೇತಿಗಾಗಿಯೇ ರಾಜ್ಯ ಸರಕಾರದ ಸಂಸ್ಥೆಯೊಂದಿದೆ. ಗಡಿಯಾಚೆ ಮಂಗಳೂರಿನಲ್ಲಿ ಕರ್ನಾಟಕ ಪಾಲಿಟೆಕ್ನಿಕ್, ಸುರತ್ಕಲ್ಲಿನಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಇವೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡಿನ ಕನ್ನಡಿಗ ವಿದ್ಯಾರ್ಥಿಗಳಿಗೆ ಅರ್ಹತೆಯ ನಿಯಮವೊಂದಿದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ 'ಪ್ರಗತಿ' ವಿದ್ಯಾರ್ಥಿವೇತನವು ಡಿಪ್ಲೊಮಾ ಮತ್ತು ಪದವಿ ಓದುವ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗಬಹುದು. ಓದು ಮುಗಿದ ಮೇಲೆ ಲೋಕಸೇವಾ ಆಯೋಗದ ಮೂಲಕ ಓವರ್‌ಸಿಯರ್, ಡ್ರಾಫ್ಟ್ಸ್‌ಮನ್ ಹುದ್ದೆಗಳಿವೆ. ಊರಲ್ಲೇ ಇರಬೇಕೆನ್ನುವವರು ಮನೆಗಳ ನಕ್ಷೆ ತಯಾರಿಸಿ ಪಂಚಾಯತಿನ ಅನುಮತಿಗೆ ಸಲ್ಲಿಸುವ ಪರವಾನಗಿ ಪಡೆದು ಸ್ವಂತ ಕಚೇರಿ ನಡೆಸಬಹುದು.

ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ಆರಂಭಿಸಿದವರು ಭಾಷಣ ಮಾಡಿ ಮನೆಗೆ ಹೋಗಲಿಲ್ಲ. ಮುಳಿಹುಲ್ಲಿನ ಮಾಡು ಕಟ್ಟಿ ಮಕ್ಕಳನ್ನು ಕೂರಿಸಿದರು. ಆದ್ದರಿಂದ ಹಳೆ ವಿದ್ಯಾರ್ಥಿ ಸಂಘದ ಪರವಾಗಿ ನಾಲ್ಕು ಸಲಹೆಗಳನ್ನು ಈ ಸಭೆಯ ತೀರ್ಮಾನಕ್ಕಾಗಿ ಇಡುತ್ತಿದ್ದೇವೆ.

ಒಂದು, ಶತಮಾನೋತ್ಸವ ಕಟ್ಟಡದ ಗುತ್ತಿಗೆಯ ಕರಾರಿನಲ್ಲಿಯೇ ಮೂರು ಮಾತುಗಳನ್ನು ಸೇರಿಸೋಣ. ದುಡಿಯುವ ಹೆಂಗಸರಿಗೆ ಮೊದಲ ದಿನದಿಂದಲೇ ಶೌಚಾಲಯ ಮತ್ತು ಕುಡಿಯುವ ನೀರು ಇರಬೇಕು. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಇರಬೇಕು. ಕೈಯಾಳುಗಳಾಗಿ ಬರುವ ಮಹಿಳೆಯರ ಪೈಕಿ ಬಯಸಿದ ಇಬ್ಬರಿಗಾದರೂ ಮೇಸ್ತ್ರಿಯ ಜೊತೆ ನಿಂತು ಕಲ್ಲಿಡುವುದನ್ನು ಕಲಿಯಲು ಅವಕಾಶ ಕೊಡಬೇಕು. ಹಣ ಕೊಡುವವರು ನಾವು. ನಾವು ಕೇಳಿದರೆ ಆಗದ ಮಾತಲ್ಲ.

ಎರಡು, ಕಟ್ಟಡ ಏಳುತ್ತಿರುವಷ್ಟು ಕಾಲವೂ ಒಂಬತ್ತು ಮತ್ತು ಹತ್ತನೆಯ ತರಗತಿಯ ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ಗಣಿತದ ಅಧ್ಯಾಪಕರೊಡನೆ ಅಲ್ಲಿಗೆ ಹೋಗಿ ಅಳೆಯಲಿ, ಲೆಕ್ಕ ಹಾಕಲಿ. ಅಡಿಪಾಯದ ಆಳ, ಕಬ್ಬಿಣದ ಸರಳುಗಳ ಅಂತರ, ತಾರಸಿಗೆ ಕನಿಷ್ಠ ಏಳು ದಿನ ನೀರು ನಿಲ್ಲಿಸುವುದು ಏಕೆ ಎಂಬುದು ಎಲ್ಲವನ್ನೂ ಬರೆದಿಟ್ಟುಕೊಳ್ಳಲಿ. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ನಮ್ಮ ಸಂಘದ ಖರ್ಚು.

ಮೂರು, ಕಟ್ಟಡ ಕೆಲಸಕ್ಕೆ ಸಂಬಂಧಿಸಿದ ಪದಗಳ ಒಂದು ಕಿರುಕೋಶವನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ನಮ್ಮ ಅಧ್ಯಾಪಕರೂ ಮಕ್ಕಳೂ ಸೇರಿ ಸಿದ್ಧಪಡಿಸಲಿ. ಊರಿನ ಹಿರಿಯ ಮೇಸ್ತ್ರಿಗಳ ಬಾಯಿಂದ ಪದಗಳನ್ನು ಕೇಳಿ ಬರೆದುಕೊಳ್ಳಲಿ. ಅದರಿಂದ ಪಾಲಿಟೆಕ್ನಿಕ್‌ಗೆ ಹೋಗುವ ಮಗುವಿಗೂ ಉಪಕಾರ, ಕನ್ನಡಕ್ಕೂ ಉಪಕಾರ.

ನಾಲ್ಕು, ಹತ್ತನೆಯ ತರಗತಿ ಮುಗಿಸಿ ಈ ಕ್ಷೇತ್ರದ ಐ.ಟಿ.ಐ. ಅಥವಾ ಡಿಪ್ಲೊಮಾಕ್ಕೆ ಸೇರುವ ನಮ್ಮ ಶಾಲೆಯ ಹುಡುಗಿಯರಿಗೆ ಮೊದಲ ವರ್ಷದ ಶುಲ್ಕ, ಪುಸ್ತಕ, ಬಸ್ಸಿನ ಖರ್ಚನ್ನು ಭರಿಸುವ ನಿಧಿಯೊಂದನ್ನು ಸ್ಥಾಪಿಸೋಣ. ಮೊದಲ ವರ್ಷವನ್ನು ದಾಟಿದವಳು ಹಿಂದಿರುಗುವುದು ಕಡಿಮೆ.

ಇದರ ಜೊತೆಗೆ ಅಮ್ಮಂದಿರಲ್ಲಿ ಒಂದು ವಿಶೇಷ ಬಿನ್ನಹ. ಹೊಸ ಕಟ್ಟಡದ ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ಮಾತೃಸಂಘದ ಸಭೆಯಲ್ಲಿ ಅದನ್ನು ಹರಡಿ ಇಡುತ್ತೇವೆ. ಅಡುಗೆ ಕೋಣೆಯ ಹೊಗೆ ಎಲ್ಲಿಂದ ಹೋಗಬೇಕು, ಪಾತ್ರೆ ತೊಳೆಯುವ ಕಟ್ಟೆ ಎಷ್ಟೆತ್ತರವಿರಬೇಕು, ಹುಡುಗಿಯರ ಶೌಚಾಲಯದ ಬಾಗಿಲು ಯಾವ ಕಡೆಗೆ ತೆರೆಯಬೇಕು, ಮಳೆಯ ಎರಚಲು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ನಿಮಗೆ ಗೊತ್ತು. ಸಂಕೋಚಪಡದೆ ಹೇಳಿರಿ. ನಕ್ಷೆಯ ಮೇಲೆ ಅಮ್ಮ ಬೆರಳಿಟ್ಟು ಮಾತಾಡುವುದನ್ನು ಮಗಳು ನೋಡಿದರೆ, ಈ ಉಪನ್ಯಾಸಕ್ಕಿಂತ ಅದೇ ಆಕೆಗೆ ದೊಡ್ಡ ಪಾಠ.

ಗುರುಗಳೇ, ಯಾವ ಹುಡುಗಿಯ ರೇಖಾಗಣಿತ ಚೊಕ್ಕವಾಗಿದೆ, ಯಾವಳು ಕೆಟ್ಟ ಬೀಗವನ್ನು ತಾನೇ ಬಿಚ್ಚಿ ನೋಡುತ್ತಾಳೆ, ಯಾವಳು ಕ್ರೀಡಾಂಗಣದ ಗೆರೆಗಳನ್ನು ನೇರವಾಗಿ ಎಳೆಯುತ್ತಾಳೆ ಎಂಬುದು ನಿಮ್ಮ ಕಣ್ಣಿಗೇ ಮೊದಲು ಬೀಳುವುದು. ಅವಳ ಕಿವಿಯಲ್ಲಿ ಒಂದು ಮಾತು ಹಾಕಿರಿ. ಅವಳ ಮನೆಗೆ ಹೋಗಿ ತಂದೆತಾಯಿಯರೊಡನೆ ಕುಳಿತು ಮಾತಾಡಿರಿ. ನೂರು ವರ್ಷಗಳಲ್ಲಿ ಈ ಊರಿನ ಎಷ್ಟೋ ಮಕ್ಕಳ ಬದುಕು ತಿರುಗಿದ್ದು ಅಧ್ಯಾಪಕರೊಬ್ಬರು ಅಂಗಳ ಹತ್ತಿ ಬಂದು ಆಡಿದ ಅಂಥ ಮಾತಿನಿಂದಲೇ.

ಈ ನಾಲ್ಕು ಸಲಹೆಗಳ ಮೇಲೆ ಚರ್ಚೆಗೆ ಅವಕಾಶ ಕೊಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇವೆ. ಮಾತೃಸಂಘದವರು ಮೊದಲು ಮಾತಾಡಲಿ.